ಫಿರಂಗಿ ಹಾರಿಸದ ನಾವಿಕನಿಗೆ ಅಷ್ಟು ದೊಡ್ಡ ಪದಕ ಏಕೆ?

ಪ್ರಶ್ನೆ: ಮಗಳ ಶಾಲೆಯ ಪ್ರಾಜೆಕ್ಟ್‌ಗಾಗಿ ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೆ. 1864ರ ಮೊಬೀಲ್ ಕೊಲ್ಲಿಯ ಕದನದಲ್ಲಿ ಜಾನ್ ಲಾಸನ್ ಎಂಬ ಕಪ್ಪು ಜನಾಂಗದ ನಾವಿಕನಿಗೆ 'ಮೆಡಲ್ ಆಫ್ ಆನರ್' ಸಿಕ್ಕಿತಂತೆ. ಆದರೆ ಆತ ಫಿರಂಗಿ ಹಾರಿಸಲಿಲ್ಲ, ಶತ್ರು ಹಡಗಿಗೆ ನುಗ್ಗಲೂ ಇಲ್ಲ. ಕೆಳಗಿನ ಡೆಕ್ಕಿನಲ್ಲಿ ಶೆಲ್ ಎತ್ತಿಕೊಡುವ ಕೆಲಸದವನು. ಅಷ್ಟಕ್ಕೇ ಆ ದೇಶದ ಅತಿ ದೊಡ್ಡ ಪದಕವೇ? ಆಗ ಪದಕಗಳನ್ನು ಸುಮ್ನೆ ಹಂಚುತ್ತಿದ್ದರಾ? ಆ ಕದನದಲ್ಲಿ ಅಡ್ಮಿರಲ್ ಫ್ಯಾರಗಟ್ 'ಟಾರ್ಪೆಡೊಗಳು ಹಾಳಾಗಿ ಹೋಗಲಿ' ಎಂದು ಕೂಗಿದ್ದು ನಿಜವೇ?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಲಾಸನ್‌ಗೆ ಪದಕ ಕೊಟ್ಟ ಕಾರಣವನ್ನು ಕಾಗದದ ಮೇಲೆ ಓದಿದರೆ ಚಿಕ್ಕದಾಗಿ ಕಾಣುತ್ತದೆ. ಕಾಲಿಗೆ ಗಾಯವಾಯಿತು, ಕೆಲಸ ಬಿಡಲಿಲ್ಲ. ಹೆಚ್ಚುಕಡಿಮೆ ಇಷ್ಟೇ. ಆದರೆ ಆ ಕೆಲಸ ಏನು, ಅದನ್ನು ಮಾಡುತ್ತಿದ್ದ ಜಾಗ ಎಂಥದು, ಆ ಬೆಳಗ್ಗೆ ಅಲ್ಲಿ ಏನಾಯಿತು ಎಂದು ತಿಳಿದರೆ, ಆ ಇಡೀ ಕದನದಲ್ಲಿ ಅದಕ್ಕಿಂತ ದೊಡ್ಡ ಧೈರ್ಯ ಹುಡುಕುವುದು ಕಷ್ಟ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಕದನದ ವಿಷಯ. ಮೊಬೀಲ್ ಎನ್ನುವುದು ಅಮೆರಿಕದ ಅಲಬಾಮಾ ರಾಜ್ಯದ ಬಂದರು. ಅಂತರ್ಯುದ್ಧದಲ್ಲಿ ಅದು ದಕ್ಷಿಣದವರ, ಅಂದರೆ ಕಾನ್ಫೆಡರೇಟರ ಕೈಯಲ್ಲಿತ್ತು. ಉತ್ತರದವರ ನೌಕಾಪಡೆ ದಕ್ಷಿಣದ ಕರಾವಳಿಯನ್ನೆಲ್ಲ ಮುತ್ತಿಗೆ ಹಾಕಿ ಕೂತಿತ್ತು. ಆ ಮುತ್ತಿಗೆ ತಪ್ಪಿಸಿಕೊಂಡು ಹತ್ತಿ ಹೊರಗೆ ಸಾಗಿಸಲು, ಬಂದೂಕು, ಮದ್ದು ಒಳಗೆ ತರಲು ದಕ್ಷಿಣದವರಿಗೆ ಆ ಭಾಗದಲ್ಲಿ ಉಳಿದಿದ್ದ ಮುಖ್ಯ ಬಂದರು ಇದು. 1864ರ ಆಗಸ್ಟ್ 5ರ ಬೆಳಗ್ಗೆ ಅಡ್ಮಿರಲ್ ಡೇವಿಡ್ ಫ್ಯಾರಗಟ್ 14 ಮರದ ಹಡಗು, 4 ಕಬ್ಬಿಣದ ಕವಚದ ಮಾನಿಟರ್ ಹಡಗುಗಳನ್ನು ತೆಗೆದುಕೊಂಡು ಕೊಲ್ಲಿಯ ಬಾಯಿಗೆ ನುಗ್ಗಿದ.

ಒಳಗೆ ಹೋಗುವ ದಾರಿ ಕಿರಿದು. ಬಲಗಡೆ ಫೋರ್ಟ್ ಮಾರ್ಗನ್ ಕೋಟೆ. ಎಡಗಡೆಯ ನೀರಿನಲ್ಲಿ ಟಾರ್ಪೆಡೊಗಳ ಸಾಲು. ಆಗ ಆ ಹೆಸರಿನಲ್ಲಿ ಕರೆಯುತ್ತಿದ್ದದ್ದು ನೀರಿನೊಳಗೆ ಕಟ್ಟಿ ಬಿಟ್ಟ ಮೈನ್‌ಗಳನ್ನು. ಎರಡರ ಮಧ್ಯೆ ಕೋಟೆಯ ಮಗ್ಗುಲಲ್ಲೇ ಒಂದು ಸಣ್ಣ ಓಣಿ. ಫ್ಯಾರಗಟ್ ಮರದ ಹಡಗುಗಳನ್ನು ಎರಡೆರಡಾಗಿ ಜೋಡಿಸಿ ಕಟ್ಟಿಸಿದ್ದ. ದೊಡ್ಡ ಹಡಗು ಕೋಟೆಯ ಕಡೆ, ಚಿಕ್ಕದು ಅದರ ಮರೆಯಲ್ಲಿ. ಒಂದರ ಯಂತ್ರ ಕೆಟ್ಟರೆ ಇನ್ನೊಂದು ಎಳೆದುಕೊಂಡು ಹೋಗಲಿ ಎಂದು. ಉಬ್ಬರದ ಹೊತ್ತನ್ನೇ ಆರಿಸಿದ್ದೂ ಅದಕ್ಕೇ: ಏನೂ ನಡೆಯದ ಸ್ಥಿತಿಗೆ ಬಂದ ಹಡಗನ್ನೂ ನೀರೇ ಒಳಕ್ಕೆ ತಳ್ಳಲಿ ಎಂದು. ಅಡ್ಮಿರಲ್ ಇದ್ದ ಹಡಗು ಹಾರ್ಟ್‌ಫರ್ಡ್. ಜಾನ್ ಲಾಸನ್ ಇದ್ದದ್ದೂ ಅದರಲ್ಲೇ. ಅಡ್ಮಿರಲ್ ಮೇಲೆ ಹಗ್ಗದ ಏಣಿಯಲ್ಲಿ, ಲಾಸನ್ ಕೆಳಗೆ ಕತ್ತಲಲ್ಲಿ.

ಆ ಕೆಳಗಿನ ಜಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಿಮ್ಮ ಪ್ರಶ್ನೆಯ ಉತ್ತರ ಇರುವುದು ಅಲ್ಲೇ.

ಹಾರ್ಟ್‌ಫರ್ಡ್ ಹಾಯಿ ಮತ್ತು ಹಬೆ ಎರಡರಿಂದಲೂ ಓಡುವ ಮರದ ಯುದ್ಧನೌಕೆ. 1858ರಲ್ಲಿ ಬಾಸ್ಟನ್‌ನಲ್ಲಿ ನೀರಿಗಿಳಿದದ್ದು. ಸುಮಾರು 300 ಜನ ಸಿಬ್ಬಂದಿ. ಅದರ ಮುಖ್ಯ ಬಲ 9 ಇಂಚಿನ ಡಾಲ್ಗ್ರೆನ್ ಫಿರಂಗಿಗಳು. ಒಂದೊಂದೂ ಸುಮಾರು 4 ಟನ್ ತೂಕ. ಅವು ಇದ್ದದ್ದು ಮೇಲಿನ ಡೆಕ್ಕಿನಲ್ಲಿ. ಆದರೆ ಮದ್ದು ಮತ್ತು ಶೆಲ್‌ಗಳನ್ನು ಮೇಲೆ ಇಡುವಂತಿಲ್ಲ. ಒಂದು ಕಿಡಿ ಬಿದ್ದರೆ ಹಡಗೇ ಇರುವುದಿಲ್ಲ. ಹಾಗಾಗಿ ಅವು ಹಡಗಿನ ಹೊಟ್ಟೆಯಲ್ಲಿ, ತೀರಾ ತಳದ ಕೋಣೆಗಳಲ್ಲಿ ಇರುತ್ತಿದ್ದವು. ಕದನ ನಡೆಯುವಷ್ಟು ಹೊತ್ತೂ ತಳದಿಂದ ಮೇಲಕ್ಕೆ ಅವು ಹರಿಯುತ್ತಲೇ ಇರಬೇಕು.

ಒಂದು 9 ಇಂಚಿನ ಶೆಲ್ 30 ಕಿಲೋಗಿಂತ ಜಾಸ್ತಿ ತೂಗುತ್ತದೆ. ಮದ್ದಿನ ಚೀಲವನ್ನಾದರೆ ಒಬ್ಬ ಹುಡುಗ ಡಬ್ಬಿಯಲ್ಲಿಟ್ಟುಕೊಂಡು ಓಡಬಹುದು. ಶೆಲ್ ಹಾಗಲ್ಲ. ಅದಕ್ಕೆ ಹಗ್ಗ, ರಾಟೆಯ ಏರ್ಪಾಡು ಇತ್ತು. ಹಳೆ ಮನೆಗಳ ಬಾವಿಯಲ್ಲಿ ಕೊಡಪಾನ ಸೇದುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆಯೇ. ಇದನ್ನು ಶೆಲ್ ವಿಪ್ ಎನ್ನುತ್ತಿದ್ದರು. ನಾವಿಕರು ಮಲಗುವ ಬರ್ತ್ ಡೆಕ್ಕಿನಲ್ಲಿ, ತೆರೆದ ಬಾಗಿಲಿನ ಸುತ್ತ ನಿಂತು, ಕೆಳಗಿನಿಂದ ಬಂದದ್ದನ್ನು ಮೇಲಕ್ಕೆ ಎಳೆದು ಕಳಿಸಬೇಕು. ಹಾರ್ಟ್‌ಫರ್ಡ್‌ನಲ್ಲಿ ಈ ಕೆಲಸಕ್ಕೆ 6 ಜನ. ಆ ಆರರಲ್ಲಿ ಒಬ್ಬ ಲಾಸನ್.

ಈ ಆರು ಜನ ನಿಂತರೆ ಅವರ ಪಾಲಿನ ಫಿರಂಗಿಗಳೂ ನಿಂತವು ಎಂದೇ ಲೆಕ್ಕ. ಮೇಲೆ ಎಷ್ಟೇ ಗುರಿಕಾರರಿದ್ದರೂ ಶೆಲ್ ಬರದಿದ್ದರೆ ಅವರು ಏನು ಮಾಡಿಯಾರು? ಫೋರ್ಟ್ ಮಾರ್ಗನ್ ಮುಂದೆ ಹಾದುಹೋಗುವಾಗ ಹಡಗಿಗಿದ್ದ ಮುಖ್ಯ ರಕ್ಷಣೆ ತನ್ನ ಗುಂಡಿನ ಮಳೆ. ಕೋಟೆಯ ಫಿರಂಗಿ ಹಾರಿಸುವವರು ತಲೆ ಎತ್ತದ ಹಾಗೆ ಬಿಡದೆ ಹೊಡೆಯಬೇಕು. ಹೊಡೆತ ನಿಧಾನವಾದರೆ ಅವರು ತಿರುಗಿ ಫಿರಂಗಿಯ ಹತ್ತಿರ ಬರುತ್ತಾರೆ. ಆದ್ದರಿಂದ 'ಫಿರಂಗಿ ಹಾರಿಸಲಿಲ್ಲ' ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಹಾರಿಸುವ ಕೆಲಸದ ಅರ್ಧ ನಡೆಯುತ್ತಿದ್ದದ್ದೇ ಕೆಳಗೆ.

ಇನ್ನೊಂದು ವಿಷಯ ಇದೆ. ಮೇಲೆ ನಿಂತವನಿಗೆ ಶತ್ರು ಕಾಣುತ್ತಾನೆ, ತಿರುಗಿ ಹೊಡೆಯಬಹುದು. ಆ ಕೋಪವೇ ಮನುಷ್ಯನನ್ನು ಎಷ್ಟೋ ಹೊತ್ತು ನಿಲ್ಲಿಸುತ್ತದೆ. ಕೆಳಗೆ ಇದ್ದವನಿಗೆ ಏನೂ ಕಾಣುವುದಿಲ್ಲ. ಹೊಗೆ, ಸದ್ದು, ಲಾಟೀನಿನ ಮಂಕು ಬೆಳಕು. ಪಕ್ಕದಲ್ಲೇ ಸಿಡಿಯಲು ಸಿದ್ಧವಾದ ಶೆಲ್‌ಗಳು. ಕಾಲಡಿಯ ನೀರಿನಲ್ಲಿ ಮೈನ್‌ಗಳು. ಹಡಗು ಮುಳುಗಿದರೆ ಕೊನೆಗೆ ಹೊರಗೆ ಬರುವವರು ಅವರೇ.

ಅದು ಬರೀ ಊಹೆಯ ಭಯವಾಗಿರಲಿಲ್ಲ. ಆ ಬೆಳಗ್ಗೆ ಕಣ್ಣೆದುರಿಗೇ ಹಾಗಾಯಿತು. 7 ಗಂಟೆಗೆ ಸ್ವಲ್ಪ ಮುಂಚೆ ಮೊದಲ ಗುಂಡು ಹಾರಿತು. ಸ್ವಲ್ಪ ಹೊತ್ತಿನಲ್ಲೇ ಮುಂದಿದ್ದ ಟೆಕುಮ್ಸೆ ಎಂಬ ಮಾನಿಟರ್ ಒಂದು ಮೈನ್‌ಗೆ ತಗುಲಿತು. ಕೆಲವೇ ನಿಮಿಷಗಳಲ್ಲಿ ತಲೆಕೆಳಗಾಗಿ ತಳ ಸೇರಿತು. ಅದರ ಕ್ಯಾಪ್ಟನ್ ಟ್ಯೂನಿಸ್ ಕ್ರೇವನ್ ಸೇರಿ 90ಕ್ಕೂ ಹೆಚ್ಚು ಜನ ಅದರೊಳಗೇ ಸತ್ತರು. ಒಳಗಿದ್ದವರಿಗೆ ಹೊರಬರಲು ಸಮಯವೇ ಸಿಗಲಿಲ್ಲ. ಆ ಹಡಗು ಇವತ್ತಿಗೂ ಫೋರ್ಟ್ ಮಾರ್ಗನ್ ಎದುರಿನ ಕೆಸರಿನಲ್ಲಿ ಬೋರಲಾಗಿ ಬಿದ್ದಿದೆ.

ಇದನ್ನು ನೋಡಿ ಸಾಲಿನ ಮೊದಲ ಮರದ ಹಡಗು ಬ್ರೂಕ್ಲಿನ್ ನಿಂತುಬಿಟ್ಟಿತು. ಹಿಂದಕ್ಕೂ ಸರಿಯಿತು. ಅದರ ಹಿಂದಿದ್ದ ಹಾರ್ಟ್‌ಫರ್ಡ್ ಕೋಟೆಯ ಫಿರಂಗಿಗಳ ಎದುರಿಗೇ ಸಿಕ್ಕಿಕೊಂಡಿತು. ಆಗಲೇ ಫ್ಯಾರಗಟ್ ಹಾರ್ಟ್‌ಫರ್ಡನ್ನು ಎಡಕ್ಕೆ ತಿರುಗಿಸಿ, ಬ್ರೂಕ್ಲಿನ್ ಅನ್ನು ದಾಟಿ, ಮೈನ್‌ಗಳ ಸಾಲಿನ ಮೇಲೆಯೇ ನುಗ್ಗಿಸಿದ್ದು.

ನೀವು ಕೇಳಿದ ಮಾತು ಹುಟ್ಟಿದ್ದು ಈ ಕ್ಷಣದಿಂದ. ಆ ವಾಕ್ಯ ಕದನದ ದಿನದ ವರದಿಗಳಲ್ಲಿ ಇಲ್ಲ. ವರ್ಷಗಳು ಕಳೆದ ಮೇಲೆ ಅಚ್ಚಿಗೆ ಬಂತು, ಆಮೇಲೆ ಬೇರೆ ಬೇರೆ ರೂಪದಲ್ಲಿ ಬೆಳೆಯಿತು. ಅಂಥ ಗದ್ದಲದಲ್ಲಿ ಯಾರು ಯಾರಿಗೆ ಏನು ಕೂಗಿದರು ಎನ್ನುವುದನ್ನು ಅಕ್ಷರಕ್ಕೆ ಅಕ್ಷರ ನಂಬುವುದು ಬೇಡ. ಆದರೆ ಮೈನ್‌ಗಳ ಮೇಲೆ ಹಡಗು ಬಿಡಲು ಆತ ಹೇಳಿದ್ದು ಸತ್ಯ. ಹೊಗೆಯ ಮೇಲಿನಿಂದ ನೋಡಲು ಹಗ್ಗದ ಏಣಿ ಹತ್ತಿದ್ದು, ಬಿದ್ದುಬಿಟ್ಟಾನು ಎಂದು ಹಾರ್ಟ್‌ಫರ್ಡ್‌ನ ಕ್ಯಾಪ್ಟನ್ ಡ್ರೇಟನ್ ಒಬ್ಬನನ್ನು ಕಳಿಸಿ ಆತನಿಗೆ ಹಗ್ಗ ಸುತ್ತಿಸಿದ್ದು, ಎರಡೂ ಸತ್ಯ. ಹಡಗು ದಾಟುವಾಗ ತಳದಲ್ಲಿದ್ದವರಿಗೆ ಮೈನ್‌ಗಳು ಹೊಟ್ಟೆಗೆ ಬಡಿದ ಸದ್ದು ಕೇಳಿಸಿತು ಎಂದು ಆ ಕದನದಲ್ಲಿದ್ದವರು ಮುಂದೆ ಹೇಳಿದರು. ಯಾವುದೂ ಸಿಡಿಯಲಿಲ್ಲ. ತುಂಬಾ ದಿನ ಉಪ್ಪುನೀರಿನಲ್ಲಿದ್ದು ಕೆಟ್ಟುಹೋಗಿದ್ದವು.

ಮೈನ್ ದಾಟಿದರೂ ಕಷ್ಟ ಮುಗಿಯಲಿಲ್ಲ. ಒಳಗೆ ದಕ್ಷಿಣದವರ ಮೂರು ಸಣ್ಣ ಗನ್‌ಬೋಟ್‌ಗಳು ಕಾದಿದ್ದವು: ಸೆಲ್ಮಾ, ಗೇನ್ಸ್, ಮಾರ್ಗನ್. ಅವು ಹಾರ್ಟ್‌ಫರ್ಡ್‌ನ ಮುಂದೆ ಮುಂದೆ ಹೋಗುತ್ತಾ ನೇರ ಮುಖಕ್ಕೆ ಹೊಡೆದವು. ಮರದ ಹಡಗಿಗೆ ಇದು ಅತಿ ಕೆಟ್ಟ ಹೊಡೆತ. ಪಕ್ಕದಿಂದ ಬಂದ ಗುಂಡು ಹಡಗಿನ ಅಗಲವನ್ನಷ್ಟೇ ಹಾಯುತ್ತದೆ. ಮುಂದಿನಿಂದ ಬಂದದ್ದು ಉದ್ದಕ್ಕೂ ಸೀಳುತ್ತದೆ. ಹಾರ್ಟ್‌ಫರ್ಡ್‌ನ ಫಿರಂಗಿಗಳೋ, ಬಹುಪಾಲು ಪಕ್ಕಕ್ಕೆ ಮುಖ ಮಾಡಿದ್ದವು. ತಿರುಗಿ ಹೊಡೆಯಲು ಆಗುತ್ತಿರಲಿಲ್ಲ. ಸಿಡಿದ ಮರದ ಚೂರುಗಳೇ ಎಷ್ಟೋ ಜನರನ್ನು ಕೊಂದವು. ಆ ದಿನ ಹಾರ್ಟ್‌ಫರ್ಡ್‌ನಲ್ಲಿ 25 ಜನ ಸತ್ತರು, 28 ಜನ ಗಾಯಗೊಂಡರು. ಟೆಕುಮ್ಸೆ ಬಿಟ್ಟರೆ ಇಡೀ ಪಡೆಯಲ್ಲಿ ಸತ್ತವರು 52. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಸಾವು ಈ ಒಂದು ಹಡಗಿನಲ್ಲೇ.

ಕದನದ ನಡುವೆ ಒಂದು ಶೆಲ್ ಬಂದು ಬರ್ತ್ ಡೆಕ್ಕಿನ ಆ ಆರು ಜನರ ಗುಂಪಿಗೆ ಬಡಿಯಿತು. ಲಾಸನ್‌ನ ಕಾಲಿಗೆ ಗಾಯವಾಯಿತು. ಹೊಡೆತದ ರಭಸಕ್ಕೆ ಆತ ಹಾರಿ ಹಡಗಿನ ಗೋಡೆಗೆ ಅಪ್ಪಳಿಸಿದ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಕೆಳಗೆ ವೈದ್ಯರ ಹತ್ತಿರ ಹೋಗು ಎಂದು ಜೊತೆಯವರು ಬೇಡಿಕೊಂಡರು. ಹೋಗಲಿಲ್ಲ. ಮತ್ತೆ ಶೆಲ್ ವಿಪ್‌ನ ಹತ್ತಿರ ಬಂದು ನಿಂತ. ಕದನ ಮುಗಿಯುವವರೆಗೆ ಅಲ್ಲೇ ಇದ್ದ. ಇದು ಕ್ಯಾಪ್ಟನ್ ಪರ್ಸಿವಲ್ ಡ್ರೇಟನ್ ತನ್ನ ವರದಿಯಲ್ಲಿ ಕೊಟ್ಟ ವಿವರ. ಡ್ರೇಟನ್ ದಕ್ಷಿಣದ ಸೌತ್ ಕ್ಯಾರೊಲೈನಾ ಮೂಲದವನು, ಉತ್ತರದ ಪಕ್ಷದಲ್ಲೇ ಉಳಿದವನು. ಅಲಂಕಾರದ ಮಾತು ಒಂದೂ ಇಲ್ಲದ ವರದಿ ಅದು. ನನಗೆ ಅದು ನಂಬಿಕೆ ಹುಟ್ಟಿಸುವುದೂ ಅದಕ್ಕೇ.

ಅದೇ ಡೆಕ್ಕಿನ ಶೆಲ್ ವಿಪ್‌ನಲ್ಲಿ ಇನ್ನೊಬ್ಬ ಇದ್ದ, ವಿಲ್ಸನ್ ಬ್ರೌನ್. ಈತನೂ ಕಪ್ಪು ಜನಾಂಗದವನು, ಮಿಸಿಸಿಪ್ಪಿಯ ನ್ಯಾಚೆಜ್ ಊರಿನ ಕಡೆಯವನು. ಬ್ರೌನ್‌ನ ಮೇಲಿನ ಏಣಿಯಲ್ಲಿದ್ದ ಒಬ್ಬ ನಾವಿಕ ಶೆಲ್ ಸಿಡಿದು ಸತ್ತ. ಆ ದೇಹ ಬಂದು ಬಡಿದ ಜೋರಿಗೆ ಬ್ರೌನ್ ತಳದ ಕೋಣೆಗೆ ಬಿದ್ದು ಎಚ್ಚರ ತಪ್ಪಿದ. ಎಚ್ಚರ ಬಂದ ಕೂಡಲೇ ಮೇಲೆ ಹತ್ತಿ ತನ್ನ ಜಾಗಕ್ಕೆ ಬಂದ. ಆರು ಜನರಲ್ಲಿ ನಾಲ್ವರು ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಲಾಸನ್‌ನ ಪ್ರಶಸ್ತಿಪತ್ರ ಆರೂ ಜನರಿಗೆ ಪೆಟ್ಟಾಯಿತು ಎನ್ನುತ್ತದೆ, ಬ್ರೌನ್‌ನದು ನಾಲ್ವರಿಗೆ ಎನ್ನುತ್ತದೆ. ಇಂಥ ಸಣ್ಣ ವ್ಯತ್ಯಾಸ ಯುದ್ಧದ ಕಾಗದಪತ್ರಗಳಲ್ಲಿ ಮಾಮೂಲು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ನನಗೆ ಕಾಣುವುದು ಒಂದೇ ಚಿತ್ರ: ಮುರಿದುಬಿದ್ದ ಒಂದು ಗುಂಪು, ಅದಕ್ಕೆ ವಾಪಸ್ಸು ಬಂದ ಇಬ್ಬರು.

ಇಲ್ಲಿ 'ವಾಪಸ್ಸು ಬಂದ' ಎನ್ನುವುದೇ ಮುಖ್ಯ. ಕದನ ಶುರುವಾಗುವಾಗ ತನ್ನ ಜಾಗದಲ್ಲಿ ನಿಲ್ಲುವುದು ಎಲ್ಲರೂ ಮಾಡುವ ಕೆಲಸ. ಬೇರೆ ದಾರಿಯೂ ಇಲ್ಲ, ಶಿಸ್ತು ನಿಲ್ಲಿಸುತ್ತದೆ. ಆದರೆ ಲಾಸನ್‌ಗೆ ಬಿಟ್ಟುಹೋಗಲು ಪೂರ್ತಿ ಅನುಮತಿ ಇತ್ತು. ಹೋಗು ಎಂದು ಬೇಡಿಕೊಂಡವರಿದ್ದರು. ಹೋಗಿದ್ದರೆ ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಅಲ್ಲಿ ಏನಾಗುತ್ತದೆ ಎನ್ನುವುದನ್ನು ಆತ ಆಗ ತಾನೇ ಕಣ್ಣಾರೆ ನೋಡಿದ್ದ. ಅದನ್ನು ನೋಡಿಯೂ ಅದೇ ಜಾಗಕ್ಕೆ, ಅದೇ ಹಗ್ಗಕ್ಕೆ ಕೈ ಹಾಕಿದ. ಹಡಗಿನ ಮೇಲೆ ಧ್ವಜ ಹಿಡಿದು ನಿಂತವನ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಆತನನ್ನು ನೂರು ಕಣ್ಣು ನೋಡುತ್ತಿರುತ್ತವೆ. ಬರ್ತ್ ಡೆಕ್ಕಿನ ಕತ್ತಲಲ್ಲಿ ನೋಡುವವರು ಎಷ್ಟು ಜನ?

'ಕದನ ಮುಗಿಯುವವರೆಗೆ' ಎನ್ನುವುದೂ ಸಣ್ಣ ಅವಧಿಯಲ್ಲ. ಕೋಟೆ ದಾಟಿ ಒಳಗೆ ಬಂದು ಹಡಗುಗಳು ಲಂಗರು ಹಾಕಿದವು. ಹಾರ್ಟ್‌ಫರ್ಡ್‌ನ ಎಡಬದಿಯ ಡೆಕ್ಕಿನಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಉಳಿದವರು ತಿಂಡಿಗೆ ಕೂರುವಷ್ಟರಲ್ಲಿ ದಕ್ಷಿಣದವರ ಕಬ್ಬಿಣದ ಕವಚದ ಹಡಗು ಟೆನೆಸ್ಸಿ ಒಂಟಿಯಾಗಿ ಇಡೀ ಪಡೆಯ ಮೇಲೆ ಬಂತು. ಅದರಲ್ಲಿ ಅಡ್ಮಿರಲ್ ಫ್ರಾಂಕ್ಲಿನ್ ಬುಕ್ಯಾನನ್ ಇದ್ದ. ಮರದ ಹಡಗುಗಳು ಅದಕ್ಕೆ ಡಿಕ್ಕಿ ಹೊಡೆದವು, ಗುಂಡು ಹಾರಿಸಿದವು, ಅದರ ಕವಚಕ್ಕೆ ಏನೂ ಆಗಲಿಲ್ಲ. ಗೊಂದಲದಲ್ಲಿ ತಮ್ಮವರದೇ ಎಂದು ನೋಡದೆ ಉತ್ತರದವರ ಲ್ಯಾಕವಾನಾ ಹಡಗು ಹಾರ್ಟ್‌ಫರ್ಡ್‌ಗೇ ಗುದ್ದಿತು. ಕೊನೆಗೆ ಚಿಕಸಾ ಎಂಬ ಮಾನಿಟರ್ ಹಿಂದಿನಿಂದ ಬಿಡದೆ ಹೊಡೆದು ಟೆನೆಸ್ಸಿಯ ಚುಕ್ಕಾಣಿ ಸರಪಳಿ ಕಡಿಯಿತು. ಬುಕ್ಯಾನನ್‌ನ ಕಾಲು ಮುರಿಯಿತು. ಬೆಳಗ್ಗೆ 10ರ ಸುಮಾರಿಗೆ ಅದು ಶರಣಾಯಿತು. ಲಾಸನ್‌ನ ಪ್ರಶಸ್ತಿಪತ್ರದಲ್ಲಿ ಫೋರ್ಟ್ ಮಾರ್ಗನ್, ಗನ್‌ಬೋಟ್‌ಗಳು, ಟೆನೆಸ್ಸಿ, ಮೂರೂ ಇವೆ.

ಈಗ ಪದಕದ ಬೆಲೆಯ ವಿಷಯ. ಇಲ್ಲಿ ನಿಮ್ಮ ಅನುಮಾನದಲ್ಲಿ ಸ್ವಲ್ಪ ಹುರುಳಿದೆ. ಇವತ್ತು ಮೆಡಲ್ ಆಫ್ ಆನರ್ ಎಂದರೆ ನಮ್ಮ ಪರಮವೀರ ಚಕ್ರದ ಹಾಗೆ, ತೀರಾ ಅಪರೂಪ. ಆಗ ಹಾಗಿರಲಿಲ್ಲ. ಆಗ ಅಮೆರಿಕದಲ್ಲಿ ಶೌರ್ಯಕ್ಕೆ ಇದ್ದದ್ದು ಹೆಚ್ಚುಕಡಿಮೆ ಇದೊಂದೇ ಪದಕ. ದೊಡ್ಡದಕ್ಕೂ ಇದೇ, ಅದಕ್ಕಿಂತ ಸಣ್ಣದಕ್ಕೂ ಇದೇ. ಅಂತರ್ಯುದ್ಧಕ್ಕೇ 1,500ಕ್ಕೂ ಹೆಚ್ಚು ಪದಕ ಕೊಟ್ಟರು. ಸೈನ್ಯದ ಕಡೆ ಕೆಲವನ್ನು ನಿಜಕ್ಕೂ ಸುಮ್ನೆ ಹಂಚಿದ್ದರು. 27ನೇ ಮೇಯ್ನ್ ರೆಜಿಮೆಂಟ್ ಒಂದಕ್ಕೇ 864 ಪದಕ ಹೋಗಿತ್ತು. 1917ರಲ್ಲಿ ಸೈನ್ಯ ತನ್ನ ಹಳೆಯ ಪಟ್ಟಿ ಪರಿಶೀಲಿಸಿ 911 ಹೆಸರುಗಳನ್ನು ತೆಗೆದುಹಾಕಿತು. ಆದರೆ ಅದು ಸೈನ್ಯದ ಪಟ್ಟಿ, ನೌಕಾಪಡೆಯದಲ್ಲ. ನೌಕಾಪಡೆಯವರು ಕ್ಯಾಪ್ಟನ್‌ಗಳಿಂದ ಹೆಸರು ಮತ್ತು ಕಾರಣ ತರಿಸಿಕೊಂಡು, ಆದೇಶ ಹೊರಡಿಸಿ ಕೊಟ್ಟರು. ಲಾಸನ್‌ನ ಹೆಸರಿರುವುದು 1864ರ ಡಿಸೆಂಬರ್ 31ರ 45ನೇ ಆದೇಶದಲ್ಲಿ.

ಇನ್ನೂ ಒಂದು ಮಾತು ಗಮನಿಸಿ. ನೌಕಾಪಡೆಯ ಈ ಪದಕಕ್ಕೆ ಲಿಂಕನ್ 1861ರ ಡಿಸೆಂಬರ್‌ನಲ್ಲಿ ಸಹಿ ಹಾಕಿದ ಕಾನೂನೇ ಮೂಲ. ಅದು ಅಧಿಕಾರಿಗಳಿಗಾಗಿ ಇರಲೇ ಇಲ್ಲ. ಕೆಳಗಿನ ದರ್ಜೆಯವರಿಗೆ ಮಾತ್ರ. ಅದರಲ್ಲಿ ಲ್ಯಾಂಡ್ಸ್‌ಮನ್ ದರ್ಜೆಯನ್ನು ಹೆಸರು ಹಿಡಿದೇ ಹೇಳಿತ್ತು. ಲ್ಯಾಂಡ್ಸ್‌ಮನ್ ಎಂದರೆ ಸಮುದ್ರದ ಅನುಭವ ಇಲ್ಲದೆ ಹೊಸದಾಗಿ ಸೇರಿದವನು. ಲಾಸನ್ ಮತ್ತು ಬ್ರೌನ್ ಇಬ್ಬರದೂ ಅದೇ ದರ್ಜೆ. ಅಡ್ಮಿರಲ್ ಫ್ಯಾರಗಟ್‌ಗೆ ಈ ಪದಕ ಸಿಗುವ ಹಾಗೇ ಇರಲಿಲ್ಲ. ಇದಕ್ಕೆ ಅದೇ ಬೆಳಗಿನ ಒಂದು ಒಳ್ಳೆಯ ಉದಾಹರಣೆ ಇದೆ. ಟೆಕುಮ್ಸೆ ಮುಳುಗಿದಾಗ ಮೆಟಕಾಮೆಟ್ ಹಡಗಿನಿಂದ ಒಂದು ದೋಣಿ ಹೊರಟು, ಕೋಟೆಯಿಂದ ಕೆಲವೇ ನೂರು ಗಜ ದೂರದಲ್ಲಿ, ಗುಂಡುಗಳ ನಡುವೆ ಹೋಗಿ 10 ಜನರನ್ನು ಎತ್ತಿಕೊಂಡು ಬಂತು. ಹುಟ್ಟು ಹಾಕಿದ 6 ನಾವಿಕರಿಗೆ ಪದಕ ಬಂತು. ದೋಣಿ ನಡೆಸಿದ ಯುವ ಅಧಿಕಾರಿ ಹೆನ್ರಿ ನೀಲ್ಡ್ಸ್‌ಗೆ ಬರಲಿಲ್ಲ. ನೌಕಾಪಡೆಯ ಅಧಿಕಾರಿಗಳಿಗೆ ಇದನ್ನು ಕೊಡುವ ನಿಯಮ ಬಂದದ್ದೇ 1915ರಲ್ಲಿ.

ಲಾಸನ್‌ನ ಬಣ್ಣದ ವಿಷಯವನ್ನೂ ಸರಿಯಾಗಿ ಹೇಳಬೇಕು. ಉತ್ತರದ ಸೈನ್ಯ ಕಪ್ಪು ಜನರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡದ್ದು 1863ರಿಂದ, ಅದೂ ಬೇರೆ ರೆಜಿಮೆಂಟ್ ಮಾಡಿ, ಮೊದಲು ಕಡಿಮೆ ಸಂಬಳಕ್ಕೆ. ನೌಕಾಪಡೆಯಲ್ಲಿ ಅವರು ಮೊದಲಿನಿಂದಲೂ ಇದ್ದರು, ಬಿಳಿಯರ ಜೊತೆ ಅದೇ ಹಡಗಿನಲ್ಲಿ. ಆ ಯುದ್ಧದಲ್ಲಿ ಸುಮಾರು 18,000 ಕಪ್ಪು ಜನಾಂಗದವರು ನೌಕಾಪಡೆಯಲ್ಲಿ ದುಡಿದರು. ಹಾಗೆಂದು ಎಲ್ಲ ಸಮ ಇತ್ತು ಎಂದಲ್ಲ. ಅಡುಗೆ, ಕಲ್ಲಿದ್ದಲು, ಮದ್ದು ಸಾಗಿಸುವುದು, ಇಂಥ ಕೆಳಗಿನ ಕೆಲಸಗಳೇ ಅವರ ಪಾಲಿಗೆ ಜಾಸ್ತಿ ಬರುತ್ತಿದ್ದವು. ಮೊಬೀಲ್‌ನಲ್ಲಿ ಪದಕ ಪಡೆದ ನಾಲ್ವರು ಕಪ್ಪು ನಾವಿಕರ ಕಥೆ ನೋಡಿದರೆ ಇದು ಕಾಣುತ್ತದೆ. ಹಾರ್ಟ್‌ಫರ್ಡ್‌ನ ಲಾಸನ್, ವಿಲ್ಸನ್ ಬ್ರೌನ್. ಬ್ರೂಕ್ಲಿನ್ ಹಡಗಿನ ವಿಲಿಯಂ ಎಚ್. ಬ್ರೌನ್, ಜೇಮ್ಸ್ ಮಿಫ್ಲಿನ್. ನಾಲ್ವರೂ ಮದ್ದುಗುಂಡು ಸಾಗಿಸುವ ಕೆಲಸದವರು. ಮಿಫ್ಲಿನ್ ದರ್ಜೆಯಲ್ಲಿ ಎಂಜಿನಿಯರ್‌ಗಳ ಅಡುಗೆಯವನು. ಬ್ರೂಕ್ಲಿನ್‌ನಲ್ಲಿ ಶೆಲ್ ವಿಪ್ ಹತ್ತಿರ ನಿಂತವರೆಲ್ಲ ಎರಡು ಸಲ ಸಿಡಿದ ಶೆಲ್‌ಗಳಿಗೆ ಬಲಿಯಾದರು, ಚದುರಿದರು. ಇವರಿಬ್ಬರೂ ಜಾಗ ಬಿಡಲಿಲ್ಲ.

ಲಾಸನ್ 1837ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವನು. ಕದನದ ನಂತರ ಅರ್ಧ ಶತಮಾನಕ್ಕೂ ಹೆಚ್ಚು ಬದುಕಿ 1919ರಲ್ಲಿ ತೀರಿಕೊಂಡ. ನ್ಯೂಜೆರ್ಸಿಯ ಲಾನ್‌ಸೈಡ್‌ನ ಮೌಂಟ್ ಪೀಸ್ ಸ್ಮಶಾನದಲ್ಲಿ ಸಮಾಧಿ ಇದೆ. ವಿಲ್ಸನ್ ಬ್ರೌನ್ 1900ರಲ್ಲಿ ತೀರಿಕೊಂಡು ತನ್ನ ನ್ಯಾಚೆಜ್‌ನ ರಾಷ್ಟ್ರೀಯ ಸ್ಮಶಾನದಲ್ಲಿದ್ದಾನೆ. ನನಗೆ ತುಂಬಾ ನೋವು ಕೊಡುವ ಸಂಗತಿ ಏನೆಂದರೆ, ಲಾಸನ್ ತೀರಿಕೊಂಡ ಅದೇ 1919ರಲ್ಲಿ ಅಮೆರಿಕದ ನೌಕಾಪಡೆ ಕಪ್ಪು ಜನರನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. 1932ರಲ್ಲಿ ಮತ್ತೆ ಬಾಗಿಲು ತೆರೆದಾಗಲೂ ಅಧಿಕಾರಿಗಳ ಊಟೋಪಚಾರದ ಕೆಲಸಕ್ಕೆ ಮಾತ್ರ. 1864ರಲ್ಲಿ ಶೆಲ್ ವಿಪ್‌ನಲ್ಲಿ ನಿಂತು ಇವರು ಮಾಡಿದ್ದನ್ನು ಅಷ್ಟು ಬೇಗ ಮರೆತರು.

ಮಗಳ ಪ್ರಾಜೆಕ್ಟ್‌ಗೆ ಎರಡು ತಿದ್ದುಪಡಿ ಹೇಳಿಬಿಡುತ್ತೇನೆ. ಲಾಸನ್‌ನನ್ನು 'ಈ ಪದಕ ಪಡೆದ ಮೊದಲ ಕಪ್ಪು ಮನುಷ್ಯ' ಎಂದು ಬರೆಯಬೇಡಿ. ಆ ಪದಕ ಮೊದಲು ಕೈಗೆ ಬಂದದ್ದು ರಾಬರ್ಟ್ ಬ್ಲೇಕ್ ಎಂಬ ನಾವಿಕನಿಗೆ, 1864ರ ಏಪ್ರಿಲ್‌ನಲ್ಲಿ. ಸೈನ್ಯದ ವಿಲಿಯಂ ಕಾರ್ನಿಯ ಹೆಸರನ್ನೂ ಕೆಲವರು ಹೇಳುತ್ತಾರೆ. ಆತನ ಸಾಹಸ 1863ರದು, ಬ್ಲೇಕ್‌ಗಿಂತ ಮುಂಚಿನದು, ಆದರೆ ಪದಕ ಸಿಕ್ಕಿದ್ದು 1900ರಲ್ಲಿ. ಎರಡನೆಯದು, ಈ ಕದನದಿಂದ ಮೊಬೀಲ್ ನಗರ ವಶವಾಯಿತು ಎಂದೂ ಬರೆಯಬೇಡಿ. ವಶವಾದದ್ದು ಕೊಲ್ಲಿ. ಫೋರ್ಟ್ ಮಾರ್ಗನ್ ಆಗಸ್ಟ್ 23ರಂದು ಶರಣಾಯಿತು. ನಗರ ಬಿದ್ದದ್ದು 1865ರ ಏಪ್ರಿಲ್ 12ಕ್ಕೆ.